ಬನ್ನೆ ಎಂದರೆ ಹನಿ

ಅಳಿವಿನ ಅಂಚಿನಲ್ಲಿರುವ ಭಾಷೆಗಳ ಕುರಿತು ಮಾತನಾಡುವಾಗ ನಮ್ಮಂಥ ಅಧ್ಯಾಪಕರ ಧ್ವನಿ ತಾನಾಗಿಯೇ ಗಂಭೀರವಾಗಿಬಿಡುತ್ತದೆ. ಜನಗಣತಿಯ ಅಂಕಿಅಂಶ, ಶಿಕ್ಷಣದ ಮಾಧ್ಯಮ, ಸಂವಿಧಾನದ ಪರಿಚ್ಛೇದ, ನಿಘಂಟು, ಕಾಗುಣಿತದ ಏಕರೂಪತೆ ಇವೆಲ್ಲ ನಮ್ಮ ವಿಚಾರಸಂಕಿರಣಗಳ ಪರಿಚಿತ ಶೀರ್ಷಿಕೆಗಳು. ಬಾಯಾರಿದವನೊಬ್ಬನು ಅಂಗಡಿಯ ಕಟ್ಟೆಯ ಮುಂದೆ ನಿಂತು ಆ ಭಾಷೆಯಲ್ಲಿಯೇ ಒಂದು ಲೋಟ ನೀರನ್ನೋ ಮಜ್ಜಿಗೆಯನ್ನೋ ಮದ್ಯವನ್ನೋ ಕೇಳಿ ಪಡೆಯಬಲ್ಲನೆ ಎಂಬ ಪ್ರಶ್ನೆಗೆ ಆ ಶೀರ್ಷಿಕೆಗಳ ನಡುವೆ ಜಾಗವಿಲ್ಲ. ಆ ಪ್ರಶ್ನೆಯನ್ನು ಎತ್ತಿದರೆ ಕೇಳುವವರು ನಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ನಕ್ಕಿದ್ದೆ. ಈ ಸಂಪುಟಕ್ಕೆ ಲೇಖನವೊಂದನ್ನು ಬರೆಯಬೇಕೆಂಬ ಕರೆ ಬಂದಾಗ, ಆ ನಗೆ ಎಷ್ಟು ಅವಿವೇಕದ್ದಾಗಿತ್ತೆಂಬುದನ್ನು ಇಲ್ಲಿ ಹೇಳಿಕೊಳ್ಳುವುದು ಉಚಿತವೆಂದು ತೋರಿತು.

2018ರಲ್ಲಿ ಫ್ರಾನ್ಸಿನಲ್ಲಿ ನಡೆದ ವಿಚಾರಗೋಷ್ಠಿಯೊಂದಕ್ಕೆ ಹೋಗಿದ್ದೆ. ಅದು ಮುಗಿದ ಮೇಲೆ ಆ ದೇಶದ ಪಶ್ಚಿಮ ತುದಿಯಲ್ಲಿ ಸಮುದ್ರದೊಳಕ್ಕೆ ಮೂಗು ಚಾಚಿಕೊಂಡಿರುವ ಬ್ರಿಟನಿ ಪ್ರಾಂತದಲ್ಲಿ ನಾಲ್ಕು ದಿನ ಕಳೆಯುವ ಅವಕಾಶ ಒದಗಿತು. ಅಲ್ಲಿನ ಭಾಷೆ ಬ್ರೆಟನ್. ಹೊರಡುವ ಮುನ್ನ ಅಲ್ಲಿನ ಸಹೋದ್ಯೋಗಿಯೊಬ್ಬರು ಆ ಭಾಷೆಯ ಪ್ರಾರಂಭಿಕರಿಗಾಗಿ ಸಿದ್ಧಪಡಿಸಿದ ಕೆಲವು ಹಾಳೆಗಳನ್ನು ನನ್ನ ಕೈಗಿತ್ತರು. ಮೊದಲ ಪುಟದಲ್ಲಿ ಅಕ್ಷರಮಾಲೆ ಇರಲಿಲ್ಲ. ವಿಭಕ್ತಿ, ಕಾಲ, ಲಿಂಗಗಳ ವಿವರವೂ ಇರಲಿಲ್ಲ. 'ಪಾನೀಯವನ್ನು ಕೇಳುವುದು ಹೇಗೆ' ಎಂಬುದೇ ಮೊದಲ ಪಾಠ. ಕಾಫಿ, ಚಹಾ, ಹಾಲು, ನೀರು, ಸೇಬಿನ ಮದ್ಯ, ಕೆಂಪು ದ್ರಾಕ್ಷಾರಸ, ಬಿಳಿಯ ದ್ರಾಕ್ಷಾರಸ, ಬಿಯರು. 'ಎಷ್ಟಾಯಿತು?' 'ಉಪಕಾರವಾಯಿತು.' 'ನಿಮ್ಮ ಆರೋಗ್ಯಕ್ಕೆ!' ನಾನು ನಕ್ಕದ್ದು ಆಗ. ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಇದು ಪ್ರವಾಸಿಗರ ಕೈಪಿಡಿಯಂತೆ ಕಂಡಿತು. ಅಲ್ಲದೆ, ಮದ್ಯವನ್ನು ಮುಟ್ಟದ ನನಗೆ ಆ ಪಾಠದ ಅರ್ಧಕ್ಕರ್ಧ ನಿಷ್ಪ್ರಯೋಜಕವೆಂದೂ ಅನ್ನಿಸಿತು. ಪ್ಯಾರಿಸಿನ ಮೊಂಪಾರ್ನಾಸ್ ನಿಲ್ದಾಣದಿಂದ ಹೊರಟ ರೈಲಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದ ಕಾರಣ ಆ ಹಾಳೆಗಳನ್ನು ಬಾಯಿಪಾಠ ಮಾಡಲು ತೊಡಗಿದೆ.

ಓದುಗರಿಗೆ ಈ ಭಾಷೆಯ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಫ್ರೆಂಚಿನ ನೆಲದಲ್ಲಿದ್ದರೂ ಬ್ರೆಟನ್ ಫ್ರೆಂಚಿನ ಉಪಭಾಷೆಯಲ್ಲ. ಅದು ಕೆಲ್ಟಿಕ್ ವರ್ಗಕ್ಕೆ ಸೇರಿದ್ದು. ವೆಲ್ಷ್ ಮತ್ತು ಕಾರ್ನಿಷ್ ಭಾಷೆಗಳ ಒಡಹುಟ್ಟು. ಐದು-ಆರನೆಯ ಶತಮಾನಗಳ ಸುಮಾರಿಗೆ ಬ್ರಿಟನ್ನಿನ ನೈಋತ್ಯ ಭಾಗದಿಂದ ಕಡಲು ದಾಟಿ ಬಂದ ವಲಸಿಗರು ತಂದ ನುಡಿ ಅದು. 1464ರಲ್ಲಿ ಲಗಾದೆಕ್ ಎಂಬ ವಿದ್ವಾಂಸನು ಬ್ರೆಟನ್, ಫ್ರೆಂಚ್, ಲ್ಯಾಟಿನ್ ಮೂರೂ ಇರುವ 'ಕತೊಲಿಕೋನ್' ಎಂಬ ನಿಘಂಟನ್ನು ರಚಿಸಿದನು. ಅದು 1499ರಲ್ಲಿ ಅಚ್ಚಾಯಿತು. ಫ್ರೆಂಚ್ ಭಾಷೆಯ ಮೊದಲ ನಿಘಂಟೆಂದು ಹೆಸರಾದ ಗ್ರಂಥವೂ ಇದೇ. ಇಂಥ ಹಿನ್ನೆಲೆಯುಳ್ಳ ಭಾಷೆಯನ್ನು 1950ರ ಸುಮಾರಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜನ ಆಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಕಂಡುಬಂದವರು ಸುಮಾರು 1,07,000 ಮಂದಿ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು.

ಇನ್ನು ಆ ಹಾಳೆಗಳ ವಿಷಯ. ಮೊದಲ ಪದವೇ ನನ್ನನ್ನು ಹಿಡಿದು ನಿಲ್ಲಿಸಿತು: 'ಬನ್ನೆ'. 'ಉರ್ ಬನ್ನೆ' ಎಂದರೆ 'ಒಂದು ಲೋಟ' ಎಂದು ಅರ್ಥ ಬರೆದಿತ್ತು. ಆದರೆ ಪದದ ಮೂಲಾರ್ಥ 'ಹನಿ'. ಐರಿಷ್ ಭಾಷೆಯಲ್ಲಿ ಇದರದೇ ದಾಯಾದಿ ಪದ 'ಹಾಲು' ಎಂಬ ಅರ್ಥ ಪಡೆದುಕೊಂಡಿದೆ. ಬ್ರೆಟನ್ನನು ಪಾನಗೃಹಕ್ಕೆ ಹೋಗಿ ದೊಡ್ಡ ಲೋಟದ ತುಂಬ ದ್ರಾಕ್ಷಾರಸ ಬೇಕಾದರೂ ಕೇಳುವುದು ಒಂದು ಹನಿಯನ್ನು. ಈ ಸಂಕೋಚದ ಪರಿಚಯ ನಮಗಿಲ್ಲವೆ? 'ಒಂದು ತೊಟ್ಟು ಕಾಫಿ ಕುಡಿದು ಹೋಗಿ' ಎಂದು ಕರೆಯುವ ಮನೆಯಾಕೆ ತೊಟ್ಟನ್ನು ಕೊಡುವುದಿಲ್ಲ. ಲೋಟದ ಕಂಠದವರೆಗೆ ಕೊಡುತ್ತಾಳೆ. ಕೇಳುವವನೂ ಕೊಡುವವನೂ ಅಳತೆಯನ್ನು ಕಿರಿದುಗೊಳಿಸಿ ಹೇಳುವ ಈ ಮರ್ಯಾದೆಯು ವ್ಯಾಕರಣ ಗ್ರಂಥಗಳಲ್ಲಿ ಸಿಗುವುದಿಲ್ಲ. ಇದೇ 'ಬನ್ನೆ' ನಿಷೇಧವಾಕ್ಯದಲ್ಲಿ ಬಂದಾಗ 'ಒಂದಿಷ್ಟೂ' ಎಂಬ ಅರ್ಥ ಕೊಡುತ್ತದೆ. 'ನೆ ಗೊಂಪ್ರೆನಾನ್ ಬನ್ನೆ', ಅಂದರೆ 'ನನಗೆ ಒಂದು ಹನಿಯೂ ಅರ್ಥವಾಗುತ್ತಿಲ್ಲ'. ಈ ವಾಕ್ಯವನ್ನು ನಾನು ವಿಶೇಷ ಶ್ರದ್ಧೆಯಿಂದ ಕಲಿತೆ; ಅದು ಉಪಯೋಗಕ್ಕೂ ಬಂದಿತು.

ಒಂದು ಹನಿ 'ಉರ್ ಬನ್ನೆ'. ಎರಡು ಬೇಕಾದರೆ 'ದೌ ವನ್ನೆ'. ಮೂರು ಬೇಕಾದರೆ ಮತ್ತೆ 'ತ್ರಿ ಬನ್ನೆ'. ಕಾಫಿಯದು ಇನ್ನೂ ವಿಚಿತ್ರ. ನಿಘಂಟಿನಲ್ಲಿ 'ಕಾಫೆ', ಒಂದು ಕಾಫಿಯನ್ನು ಕೇಳುವಾಗ ಗಂಟಲಲ್ಲಿ ಉಜ್ಜಿ ಹೊರಡುವ ಹಕಾರದಿಂದ 'ಉರ್ ಹಾಫೆ', ಎರಡಕ್ಕೆ 'ದೌ ಗಾಫೆ', ಮೂರಕ್ಕೆ 'ತ್ರಿ ಹಾಫೆ', ಐದಕ್ಕೆ ಪುನಃ 'ಪೆಂಪ್ ಕಾಫೆ'. ಪದದ ಬಾಲ ಹಾಗೆಯೇ ಇದ್ದು ತಲೆ ಮಾತ್ರ ಬದಲಾಗುವ ಈ ಪದ್ಧತಿ ಕೆಲ್ಟಿಕ್ ಭಾಷೆಗಳ ವೈಶಿಷ್ಟ್ಯ. ಯುರೋಪಿನ ಕಲಿಯುವವರು ಇದರ ಮುಂದೆ ಕೈಚೆಲ್ಲುತ್ತಾರಂತೆ. ಕನ್ನಡ ವ್ಯಾಕರಣ ಕಲಿತವನು ಕೈಚೆಲ್ಲಬೇಕಾಗಿಲ್ಲ. ಕಕಾರಕ್ಕೆ ಗಕಾರ, ತಕಾರಕ್ಕೆ ದಕಾರ, ಪಕಾರಕ್ಕೆ ಬಕಾರ ಬರುವುದೆಂಬುದನ್ನು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ನಮಗೆ ಹೇಳಿಟ್ಟಿದ್ದಾನೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಇನ್ನು ಹನಿಯ ಮಾತೇ ಬಂದರೆ, ನಮ್ಮ ಹಳಗನ್ನಡದ 'ಪನಿ' ಕಣ್ಣಿನೊಡನೆ ಸೇರಿ 'ಕಂಬನಿ'ಯಾಯಿತು, ಬೆಮರಿನೊಡನೆ ಸೇರಿ 'ಬೆಮರ್ವನಿ'ಯಾಯಿತು. ಬ್ರೆಟನ್ನಿನ ಬನ್ನೆ ವನ್ನೆಯಾದಂತೆ ಕನ್ನಡದ ಪನಿ ಬನಿಯೂ ವನಿಯೂ ಆಗಿದೆ. ಎರಡೂ ಭಾಷೆಗಳಲ್ಲಿ ಹನಿಯೇ ಹೀಗೆ ರೂಪ ಬದಲಿಸುವುದು ಕೇವಲ ಆಕಸ್ಮಿಕ. ಇದರಿಂದ ಯಾವ ಸಂಬಂಧವನ್ನೂ ಸಾಧಿಸಲು ನಾನು ಹೊರಟಿಲ್ಲ. ಹಾಗೆ ಹೊರಟವರ ಪ್ರಬಂಧಗಳನ್ನು ಪರೀಕ್ಷಕನಾಗಿ ಸಾಕಷ್ಟು ಓದಿದ್ದೇನೆ. ಆದರೆ ಅಪರಿಚಿತ ಭಾಷೆಯ ಹೊಸ್ತಿಲಲ್ಲಿ ನಮ್ಮ ಮನೆಯದೇ ಚಪ್ಪಲಿ ಕಂಡಂತೆ ಆದದ್ದಂತೂ ನಿಜ.

ಇನ್ನೂ ಎರಡು ಸಂಗತಿಗಳನ್ನು ಹೇಳದೆ ಮುಂದೆ ಹೋಗಲಾರೆ. ಎರಡು ಎಂದ ಮೇಲೆ ಬ್ರೆಟನ್ನಿನಲ್ಲಿ ನಾಮಪದಕ್ಕೆ ಬಹುವಚನವಿಲ್ಲ. ನಾವೂ 'ಎರಡು ಕಾಫಿ' ಎನ್ನುತ್ತೇವೆ. 'ಎರಡು ಕಾಫಿಗಳು' ಎನ್ನುವವನು ಪಠ್ಯಪುಸ್ತಕದಿಂದ ಎದ್ದುಬಂದವನು. 'ಒಂದು ಲೋಟ ನೀರು' ಎನ್ನುವಾಗ ಲೋಟಕ್ಕೂ ನೀರಿಗೂ ನಡುವೆ ನಾವು ಷಷ್ಠಿಯನ್ನು ಹಾಕುವುದಿಲ್ಲ. 'ಉರ್ ಬನ್ನೆ ದೂರ್' ಎನ್ನುವ ಬ್ರೆಟನ್ನನೂ ಹಾಕುವುದಿಲ್ಲ, ಅವನ ನೆರೆಯ ಫ್ರೆಂಚನು ಹಾಕುತ್ತಾನೆ. ಬಾಯಾರಿಕೆಯನ್ನು ಹೇಳುವ 'ಸೆಹೆದ್ ಅಮ್ ಎಸ್' ಎಂಬ ಮಾತನ್ನು ಬಿಡಿಸಿದರೆ, ಅದರ ಹಳೆಯ ಅರ್ಥ 'ನನಗೆ ಬಾಯಾರಿಕೆ ಇದೆ' ಎಂದೇ ಆಗುತ್ತದೆ. ಬಾಯಾರಿಕೆ ನಮ್ಮ ಕ್ರಿಯೆಯಲ್ಲ, ನಮಗೆ ಆಗುವಂಥದು ಎಂಬ ತಿಳಿವಳಿಕೆ ಎರಡು ಜನಾಂಗಗಳಿಗೂ ಬೇರೆ ಬೇರೆಯಾಗಿ ಹೊಳೆದಿದೆ. ಒಂದು ಪುಟದ ಪಾನೀಯಪಾಠದಲ್ಲಿ ಸಂಧಿ, ವಚನ, ವಿಭಕ್ತಿ ಮೂರೂ ಬಂದುಹೋದವು. ಪ್ರವಾಸಿಗರ ಕೈಪಿಡಿಯೆಂದು ನಕ್ಕದ್ದಕ್ಕೆ ರೈಲಿನಲ್ಲಿಯೇ ಅರ್ಧ ಪ್ರಾಯಶ್ಚಿತ್ತವಾಯಿತು.

ಉಳಿದರ್ಧ ಚರಿತ್ರೆಯಿಂದ ಆಗಬೇಕಾಗಿತ್ತು. ಅರ್ಥವಾಗದ ಗೊಜಲು ಮಾತಿಗೆ ಫ್ರೆಂಚಿನಲ್ಲಿ 'ಬಾರಾಗ್ವೆನ್' ಎಂಬ ಪದವಿದೆ; ಹದಿನಾಲ್ಕನೆಯ ಶತಮಾನದ ಕೊನೆಯಿಂದಲೇ ಅದು ದಾಖಲೆಗಳಲ್ಲಿ ಕಾಣಿಸುತ್ತದೆ. ಅದರ ಹುಟ್ಟಿನ ಬಗ್ಗೆ ಬಹುಕಾಲದಿಂದ ಹೇಳಿಕೊಂಡು ಬಂದ ವಿವರಣೆ ಇದು: ಬ್ರೆಟನ್ನಿನಲ್ಲಿ 'ಬಾರಾ' ಎಂದರೆ ರೊಟ್ಟಿ, 'ಗ್ವಿನ್' ಎಂದರೆ ದ್ರಾಕ್ಷಾರಸ. ಊರು ಬಿಟ್ಟು ಫ್ರೆಂಚರ ಛತ್ರಗಳಿಗೆ ಬಂದ ಬ್ರೆಟನ್ನರು ಹಸಿದು ಬಾಯಾರಿ 'ಬಾರಾ, ಗ್ವಿನ್' ಎಂದು ಕೇಳಿದರು. ಕೇಳಿಸಿಕೊಂಡವರು ರೊಟ್ಟಿ ಕೊಟ್ಟರೋ ಇಲ್ಲವೋ, ಆ ಎರಡು ಪದಗಳನ್ನು ಹೊಲಿದು ಬೈಗುಳವೊಂದನ್ನು ಮಾಡಿಕೊಂಡರು. ವ್ಯುತ್ಪತ್ತಿಕಾರರಲ್ಲಿ ಈ ವಿವರಣೆಯ ಬಗ್ಗೆ ಒಮ್ಮತವಿಲ್ಲ. ನಾನು ಅದನ್ನು ಸಿದ್ಧಾಂತವಾಗಿ ಮುಂದಿಡುತ್ತಿಲ್ಲ. ಆದರೆ ಬ್ರೆಟನ್ನರೇ ಈ ಕಥೆಯನ್ನು ನಂಬಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ ಎಂಬುದು ಮುಖ್ಯ. ತಮ್ಮ ಭಾಷೆಗೆ ಮೊದಲ ಅವಮಾನ ಆದದ್ದು ಊಟ-ಪಾನೀಯ ಕೇಳಿದ ಕಟ್ಟೆಯ ಮುಂದೆ ಎಂದು ಅವರ ನೆನಪು ಹೇಳುತ್ತದೆ.

ಮುಂಬಯಿಯಲ್ಲಿ ಬಾಳಿದ ಕನ್ನಡಿಗನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಕ್ಷಿಣದವರ ಮಾತನ್ನೆಲ್ಲ ಒಟ್ಟಾಗಿ 'ಯಂಡುಗುಂಡು' ಎಂದು ಕರೆದು ನಕ್ಕವರ ನಡುವೆ ನಮ್ಮ ಹಿಂದಿನ ತಲೆಮಾರಿನವರು ಹೋಟೆಲು ನಡೆಸಿದರು. ನಾವೂ ಸಾಧುಗಳಲ್ಲ, 'ಎನ್ನಡ, ಎಕ್ಕಡ' ಎಂದು ನೆರೆಯವರ ನಿತ್ಯದ ಪದಗಳನ್ನೇ ಹಿಡಿದು ಅಣಕಿಸಿದವರು.

ಬ್ರೆಟನ್ನರಿಗೆ ಪ್ಯಾರಿಸು ನಮ್ಮ ಮುಂಬಯಿ ಇದ್ದಂತೆ. ರೈಲು ಬಂದ ಮೇಲೆ ಬಡತನದ ಹಳ್ಳಿಗಳಿಂದ ಸಾವಿರಾರು ಜನ ಕೂಲಿಗಳಾಗಿ, ಮನೆಗೆಲಸದವರಾಗಿ ರಾಜಧಾನಿಗೆ ಹೋದರು. ಊರಿನ ರೈಲು ಬಂದು ನಿಲ್ಲುವ ಮೊಂಪಾರ್ನಾಸ್ ಸುತ್ತಮುತ್ತಲೇ ಬಿಡಾರ ಹೂಡಿದರು; ಇಂದಿಗೂ ಆ ಬೀದಿಯಲ್ಲಿ ಬ್ರೆಟನ್ ದೋಸೆಯಂಗಡಿಗಳು ಸಾಲಾಗಿ ಇವೆ. ಪ್ಯಾರಿಸಿನವರು ಈ ಮನೆಗೆಲಸದ ಹುಡುಗಿಯರನ್ನು ಹೇಗೆ ಕಂಡರೆಂಬುದಕ್ಕೆ 1905ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಹುಟ್ಟಿದ 'ಬೆಕಾಸಿನ್' ಎಂಬ ಚಿತ್ರಕಥೆಯ ಪಾತ್ರ ಸಾಕ್ಷಿ. ಪೆದ್ದಿ, ಒಳ್ಳೆಯವಳು, ಬ್ರೆಟನ್ ಉಡುಪಿನವಳು. ಚಿತ್ರಕಾರನು ಆಕೆಗೆ ಕಣ್ಣು ಬರೆದ, ಮೂಗು ಬರೆದ, ಬಾಯನ್ನು ಮಾತ್ರ ಬರೆಯಲಿಲ್ಲ.

ಊರಿನಲ್ಲಿ ಉಳಿದ ಮಕ್ಕಳ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಶಾಲೆಯಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದ ಹುಡುಗನ ಕೊರಳಿಗೆ ಮರದ ಪಾದರಕ್ಷೆಯನ್ನೋ ಮರದ ತುಂಡನ್ನೋ ಕಟ್ಟುತ್ತಿದ್ದರು. 'ಹಸು' ಎಂದು ಅದರ ಹೆಸರು. ಅದನ್ನು ಕಳಚಿಕೊಳ್ಳಲು ಇದ್ದ ಒಂದೇ ದಾರಿ ಬ್ರೆಟನ್ ಆಡುವ ಇನ್ನೊಬ್ಬ ಗೆಳೆಯನನ್ನು ಹಿಡಿದುಕೊಡುವುದು. ದಿನದ ಕೊನೆಗೆ ಅದು ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಶಿಕ್ಷೆ. 1975ರಲ್ಲಿ ಪ್ರಕಟವಾಗಿ ಬಹು ಜನಪ್ರಿಯವಾದ ಪಿಯೆರ್-ಜಾಕೆಜ್ ಎಲಿಯಾಸ್ ಅವರ ಆತ್ಮಕಥನದಲ್ಲಿ ಈ ಹಸುವಿನ ಪ್ರಸ್ತಾಪವಿದೆ. ಆ ಮಕ್ಕಳು ಬೆಳೆದು ತಂದೆತಾಯಿಗಳಾದಾಗ ತಮ್ಮ ಮಕ್ಕಳೊಡನೆ ಬ್ರೆಟನ್ ಆಡಲಿಲ್ಲ. ಯಾವ ಕಾನೂನೂ ಮನೆಯೊಳಗೆ ಬಂದು ತಡೆಯಲಿಲ್ಲ, ಅವರೇ ಆಡಲಿಲ್ಲ. ಎರಡನೆಯ ಮಹಾಯುದ್ಧದ ಅನಂತರದ ಒಂದೇ ತಲೆಮಾರಿನಲ್ಲಿ ಭಾಷೆಯ ಸರಪಳಿ ಕಡಿದುಹೋಯಿತು.

ಇದಿಷ್ಟನ್ನೂ ತಿಳಿದುಕೊಂಡು, ಪಾಠವನ್ನೂ ಬಾಯಿಪಾಠ ಮಾಡಿಕೊಂಡು, ಫಿನಿಸ್ತೇರ್ ಜಿಲ್ಲೆಯ ಒಳನಾಡಿನ ಒಂದು ಸಣ್ಣ ಊರಿನಲ್ಲಿ ಇಳಿದೆ. ಮಿತ್ರರು ಕರೆದೊಯ್ದದ್ದು ಪಾನಗೃಹವೂ ದೋಸೆಯಂಗಡಿಯೂ ಒಂದೇ ಆಗಿದ್ದ ಜಾಗಕ್ಕೆ. ದೋಸೆ ಎಂದು ನಾನು ಸಲಿಗೆಯಿಂದ ಬರೆಯುತ್ತಿಲ್ಲ. 'ಕಪ್ಪು ಗೋಧಿ' ಎಂದು ಅವರು ಕರೆಯುವ ಧಾನ್ಯದ ಹಿಟ್ಟನ್ನು ಕಲಸಿ, 'ಬಿಲ್ಲಿಗ್' ಎಂಬ ದುಂಡನೆಯ ಕಬ್ಬಿಣದ ಕಾವಲಿಯ ಮೇಲೆ ಹೊಯ್ದು, ಮರದ ಸಣ್ಣ ಹಲಗೆಯಿಂದ ತೆಳ್ಳಗೆ ಹರಡುತ್ತಾರೆ. ಅದರೊಡನೆ ಸೇಬಿನ ಮದ್ಯವನ್ನು ಬಟ್ಟಲಿನಲ್ಲಿ ಕುಡಿಯುತ್ತಾರೆ, ಇಲ್ಲವೆ 'ಲೇಜ್ ರಿಬೋದ್' ಎಂಬ ಕಡೆದ ಮಜ್ಜಿಗೆಯನ್ನು. ಉಡುಪಿಯ ಕಡೆಯವನು ಅಲ್ಲಿಗೆ ಹೋಗಿ ಪರಕೀಯನೆನಿಸಿಕೊಳ್ಳಲು ಪ್ರಯತ್ನಪಡಬೇಕು.

ಬಾಗಿಲ ಮೇಲೆ ಅಂಗಡಿಯ ಹೆಸರು ಬ್ರೆಟನ್ನಿನಲ್ಲಿತ್ತು. ಒಳಗೋಡೆಯ ಮೇಲೆ 'ಯೆಹೆದ್ ಮಾತ್', ಅಂದರೆ 'ಒಳ್ಳೆಯ ಆರೋಗ್ಯ', ಎಂದು ಬಣ್ಣದಲ್ಲಿ ಬರೆದಿತ್ತು. ಕಟ್ಟೆಯ ಹಿಂದಿದ್ದ ಯುವತಿಗೆ ನಾನು ನಮಸ್ಕಾರ ಹೇಳಿ, ಒಂದು ಬನ್ನೆ ಮಜ್ಜಿಗೆ ಬೇಕೆಂದು ಬ್ರೆಟನ್ನಿನಲ್ಲಿ ಕೇಳಿದೆ. ಆಕೆ ಮುಗುಳ್ನಕ್ಕು ಇಂಗ್ಲಿಷಿನಲ್ಲಿ 'ಕ್ಷಮಿಸಿ?' ಎಂದಳು. ನನ್ನ ಉಚ್ಚಾರದ ದೋಷವಿರಬೇಕೆಂದು ಇನ್ನೊಮ್ಮೆ ಕೇಳಿದೆ. ಆಗ ಆಕೆ ಫ್ರೆಂಚಿನಲ್ಲಿ ಮಿತ್ರರೊಡನೆ ಹೇಳಿದ್ದು ಇಷ್ಟು: ತನಗೆ ಆ ಭಾಷೆ ಬಾರದು, ಅಜ್ಜಿಗೆ ಬರುತ್ತಿತ್ತು, ಗೋಡೆಯ ಮೇಲಿನ ಬರಹ ಹಿಂದಿನ ಮಾಲೀಕರ ಕಾಲದ್ದು. ಅಷ್ಟರಲ್ಲಿ ಕಟ್ಟೆಯ ಇನ್ನೊಂದು ತುದಿಯಲ್ಲಿದ್ದ ವೃದ್ಧರೊಬ್ಬರು ಲೋಟ ಕೆಳಗಿಟ್ಟು ನನ್ನತ್ತ ತಿರುಗಿ ದೀರ್ಘವಾಗಿ ಏನೋ ಹೇಳಿದರು. ಆ ಪ್ರವಾಹದಲ್ಲಿ ನನಗೆ ಸಿಕ್ಕಿದ್ದು 'ಬನ್ನೆ' ಒಂದೇ. ಕಲಿತಿಟ್ಟುಕೊಂಡಿದ್ದ ವಾಕ್ಯವನ್ನು ತೆಗೆದೆ: 'ನೆ ಗೊಂಪ್ರೆನಾನ್ ಬನ್ನೆ.' ವೃದ್ಧರು ಕಟ್ಟೆಗೆ ಕೈ ತಟ್ಟಿ ನಕ್ಕರು. ಆಮೇಲೆ ಅವರು ಮಿತ್ರರ ಮೂಲಕ ತಿಳಿಸಿದ್ದೇನೆಂದರೆ, ಈ ಕಟ್ಟೆಯಲ್ಲಿ ಬ್ರೆಟನ್ನಿನಲ್ಲಿ ಕೇಳುವವರು ಹಿಂದೆ ತುಂಬ ಮಂದಿ ಇದ್ದರು, ಒಬ್ಬೊಬ್ಬರಾಗಿ ತೀರಿಕೊಂಡರು, ತಾವೂ ಫ್ರೆಂಚಿನಲ್ಲಿಯೇ ಕೇಳುವುದನ್ನು ರೂಢಿಸಿಕೊಂಡರು. ಈಗ ಇಷ್ಟು ಕಾಲದ ಮೇಲೆ ಕೇಳಿದವನು ಭಾರತದಿಂದ ಬಂದಿದ್ದಾನೆ, ಕೇಳಿದ್ದೂ ಮಜ್ಜಿಗೆ! ಅದು ಅವರಿಗೆ ಸೋಜಿಗವಾಗಿತ್ತು. ನಾನು 'ತ್ರುಗಾರೆಸ್' ಎಂದು ಕೃತಜ್ಞತೆ ಹೇಳಿದಾಗ ಮಾತ್ರ ಅವರು ತುಸು ಕಸಿವಿಸಿಗೊಂಡಂತೆ ಕಂಡಿತು. ಅದು ಶಾಲೆಯಲ್ಲಿ ಕಲಿತವರ ಮಾತು. ತಮ್ಮ ಮನೆಯಲ್ಲಿ 'ಮೆರ್ಸಿ' ಎನ್ನುತ್ತಿದ್ದರು, ಹೆಚ್ಚೆಂದರೆ 'ದೇವರ ಆಶೀರ್ವಾದ' ಎನ್ನುತ್ತಿದ್ದರು ಎಂದರು.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಬ್ರೆಟನ್ನಿನ ಹೊಸ ತಲೆಮಾರಿನ ವಿದ್ಯಾವಂತರು ಅಪಾರ ಪರಿಶ್ರಮ ಪಟ್ಟಿದ್ದಾರೆ. 1977ರಲ್ಲಿ 'ದಿವಾನ್', ಅಂದರೆ 'ಮೊಳಕೆ', ಎಂಬ ಹೆಸರಿನ ಶಾಲೆಗಳನ್ನು ತಾವೇ ಕಟ್ಟಿದರು. ಅಲ್ಲಿ ಮಕ್ಕಳು ಇಡೀ ದಿನ ಬ್ರೆಟನ್ನಿನಲ್ಲಿಯೇ ಕಲಿಯುತ್ತಾರೆ. 1992ರಲ್ಲಿ 'ಗಣರಾಜ್ಯದ ಭಾಷೆ ಫ್ರೆಂಚ್' ಎಂದು ಸಂವಿಧಾನದಲ್ಲಿ ಬರೆದುಕೊಂಡ ದೇಶ ಅದು. 2008ರಲ್ಲಿ ಪ್ರಾದೇಶಿಕ ಭಾಷೆಗಳು ದೇಶದ ಪರಂಪರೆಗೆ ಸೇರಿದವು ಎಂಬ ಇನ್ನೊಂದು ವಾಕ್ಯವನ್ನೂ ಸೇರಿಸಿಕೊಂಡಿತು. ಆದರೂ 2021ರ ಮೇ ತಿಂಗಳಲ್ಲಿ ಅಲ್ಲಿನ ಸಂವಿಧಾನ ಮಂಡಳಿ ಇಂಥ ಪೂರ್ಣಮಾಧ್ಯಮದ ಬೋಧನೆ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ಅಂಥ ಪ್ರತಿಕೂಲದಲ್ಲಿಯೂ ಶಾಲೆಗಳನ್ನು ಉಳಿಸಿಕೊಂಡವರ ಬಗ್ಗೆ ನನಗೆ ಗೌರವವಿದೆ. ಆದರೆ ಪರಿಶುದ್ಧಿಯ ಹಂಬಲ ಅವರನ್ನೂ ಬಿಟ್ಟಿಲ್ಲ. ದೂರವಾಣಿಗೆ ಅವರು 'ಪೆಲ್‌ಗೊಮ್ಸ್' ಎಂದರು. 'ಪೆಲ್' ಎಂದರೆ ದೂರ, 'ಕೊಮ್ಸ್' ಎಂದರೆ ಮಾತು. ಪದಕ್ಕೆ ಪದ ನಮ್ಮ 'ದೂರವಾಣಿ'ಯೇ. ಹಳ್ಳಿಯ ಮುದುಕರು 'ತೆಲೆಫೋನ್' ಎಂದರು, ನಮ್ಮವರು 'ಫೋನು' ಎಂದಂತೆ. ಕಾಗುಣಿತದ ಜಗಳವಂತೂ ಹಾಲನ್ನೂ ಬಿಡಲಿಲ್ಲ. ಹಾಲಿನ ಪದದ ಕೊನೆಗೆ ಒಂದು ಪ್ರದೇಶದವರು ಜಕಾರದಂಥ ಧ್ವನಿಯನ್ನೂ ಇನ್ನೊಂದು ಪ್ರದೇಶದವರು ಹಕಾರವನ್ನೂ ನುಡಿಯುತ್ತಾರಾಗಿ, 1941ರ ಏಕೀಕೃತ ಕಾಗುಣಿತದಲ್ಲಿ ಎರಡೂ ಅಕ್ಷರಗಳನ್ನು ಜೋಡಿಸಿ ಬರೆದರು. ಅದನ್ನು ಒಪ್ಪದವರು 1955ರಲ್ಲಿ ಬೇರೊಂದನ್ನು ತಂದರು, ಎಪ್ಪತ್ತರ ದಶಕದಲ್ಲಿ ಮೂರನೆಯದೂ ಬಂದಿತು. ಅಷ್ಟರಲ್ಲಿ ಆ ಪದವನ್ನು ಬರೆಯದೆಯೇ ಆಡುತ್ತಿದ್ದವರು ಲಕ್ಷಗಟ್ಟಲೆ ಕಡಿಮೆಯಾದರು.

ಹೀಗಾಗಿ ಇಂದು ಅಲ್ಲಿ ಎರಡು ಬ್ರೆಟನ್ನುಗಳಿವೆ. ಒಂದು ಎಪ್ಪತ್ತು ದಾಟಿದವರದು. ಅದರಲ್ಲಿ ಮರ್ಯಾದೆ, ಬೈಗುಳ, ಹಾಸ್ಯ ಎಲ್ಲವೂ ಇವೆ, ಓದು-ಬರಹವಿಲ್ಲ. ಇನ್ನೊಂದು ಕಲಿತವರದು, ಅದರಲ್ಲಿ ಓದು-ಬರಹವಿದೆ, ಆದರೆ ಅದರ ರಾಗ ಫ್ರೆಂಚಿನದು. ಇವೆರಡೂ ಮುಖಾಮುಖಿಯಾಗಬೇಕಾದ ಜಾಗ ಶಾಲೆಯಲ್ಲ, ಏಕೆಂದರೆ ಮುದುಕರು ಶಾಲೆಗೆ ಬರುವುದಿಲ್ಲ. ವಿಶ್ವವಿದ್ಯಾಲಯವಂತೂ ಅಲ್ಲವೇ ಅಲ್ಲ. ಅವರು ಬರುವುದು ಪಾನಗೃಹಕ್ಕೆ. ಆದ್ದರಿಂದ ಪಾನೀಯ ಕೇಳುವ ಪಾಠವೇ ಮೊದಲ ಪಾಠವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆ ಹಾಳೆಗಳನ್ನು ಬರೆದವರು ಹುಡುಗಾಟಕ್ಕೆ ಬರೆದಿರಲಿಲ್ಲ.

ಇದಕ್ಕೆ ಆಕ್ಷೇಪಣೆಗಳಿವೆ. ಬ್ರೆಟನ್ನರು ಕುಡುಕರೆಂದು ಹಂಗಿಸುವ ಹಳೆಯ ಚಾಳಿ ಫ್ರಾನ್ಸಿನಲ್ಲಿತ್ತು. ಭಾಷೆಯನ್ನು ಮತ್ತೆ ಮದ್ಯದ ಲೋಟಕ್ಕೆ ಕಟ್ಟಿಹಾಕಿದರೆ ಆ ಹಂಗಣೆಗೆ ನಾವೇ ಸಾಕ್ಷ್ಯ ಒದಗಿಸಿದಂತಾಗದೆ ಎಂಬುದು ಒಂದು. ನನ್ನ ಮಜ್ಜಿಗೆಯೇ ಇದಕ್ಕೆ ಉತ್ತರ. ಇನ್ನೊಂದು ಹೆಚ್ಚು ಗಟ್ಟಿಯಾದ ಆಕ್ಷೇಪಣೆ. ಅಂಗಡಿಯ ಫಲಕ, ಬಾಟಲಿಯ ಚೀಟಿ, ತಿಂಡಿಯ ಪಟ್ಟಿ ಇವುಗಳಲ್ಲಿ ನಾಲ್ಕು ಪದ ಉಳಿದರೆ ಭಾಷೆ ಉಳಿದಂತಲ್ಲ, ಅದು ಅಲಂಕಾರ ಮಾತ್ರ ಎನ್ನುತ್ತಾರೆ. 1985ರಲ್ಲಿ ಮೊರ್ಲೆ ಪಟ್ಟಣದಲ್ಲಿ ಬಿಯರು ತಯಾರಿಸಲು ಹೊರಟವರು ಅದಕ್ಕೆ 'ಕೊರೆಫ್' ಎಂದು ಹೆಸರಿಟ್ಟರು. ಅದು ಬಿಯರಿಗೆ ಮಧ್ಯಕಾಲದ ಬ್ರೆಟನ್ ಪದ, ವೆಲ್ಷ್ ಭಾಷೆಯ 'ಕೂರು' ಎಂಬುದರ ಬಂಧು. ಫ್ರೆಂಚಿನಿಂದ ಬಂದ 'ಬಿಯೆರ್' ಅದನ್ನು ಬಳಕೆಯಿಂದ ಹೊರದಬ್ಬಿತ್ತು. ಸತ್ತ ಪದ ಬಾಟಲಿಯ ಮೇಲೆ ಎದ್ದುಬಂದದ್ದು ಸಂತೋಷವೇ. ಆದರೆ ಅದನ್ನು ಕೇಳುವವರು ಫ್ರೆಂಚಿನಲ್ಲಿಯೇ ಕೇಳುತ್ತಾರೆ. ಬ್ರೆಟನ್ ಹಾಡುಗಳಲ್ಲಿ ಹೊರಜಗತ್ತಿಗೆ ಬಹುಶಃ ಅತಿ ಹೆಚ್ಚು ಪರಿಚಿತವಾದದ್ದು ಸೇಬಿನ ಮದ್ಯವನ್ನು ಕುರಿತದ್ದು. 1929ರಲ್ಲಿ ಇಬ್ಬರು ಹಳ್ಳಿಯ ಯುವಕರು ಕಟ್ಟಿದ ಅದನ್ನು 1970ರಲ್ಲಿ ಅಲನ್ ಸ್ತಿವೆಲ್ ಹಾಡಿ ಪ್ರಸಿದ್ಧಗೊಳಿಸಿದರು. ಅದನ್ನು ಹಾಡುವವರೆಲ್ಲರೂ ಅದರ ಅರ್ಥ ಬಲ್ಲವರಲ್ಲ. ಈ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಒಪ್ಪಿಯೇ ಹೇಳುತ್ತೇನೆ: ಫಲಕಕ್ಕೆ ಉತ್ತರ ಬೇಕಾಗಿಲ್ಲ, ಪ್ರಶ್ನೆಗೆ ಬೇಕು. ಗೋಡೆಯ ಮೇಲೆ 'ಯೆಹೆದ್ ಮಾತ್' ಎಂದು ಬರೆಸಿದ ಅಂಗಡಿಯಲ್ಲಿ ನಾನು ಕೇಳಿದ ಮೇಲೆಯೇ ಕಟ್ಟೆಯ ಹಿಂದೆ ಭಾಷೆ ಇಲ್ಲವೆಂಬುದೂ ಕಟ್ಟೆಯ ತುದಿಯಲ್ಲಿ ಇದೆಯೆಂಬುದೂ ತಿಳಿದದ್ದು. ಕೇಳುವವರೆಗೆ ಆ ವೃದ್ಧರು ಆ ಯುವತಿಯ ಪಾಲಿಗೂ ಫ್ರೆಂಚ್ ಗಿರಾಕಿಯೇ ಆಗಿದ್ದರು.

ಅಲ್ಲಿನ ಬ್ರೆಟನ್ ಭಾಷಾ ಕಚೇರಿಯವರು ಇದನ್ನು ಅರಿತಿದ್ದಾರೆ. 1999ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 2001ರಲ್ಲಿ ಅಂಗಡಿ, ಪಾನಗೃಹ, ಉದ್ಯಮಗಳ ನಡುವೆ 'ಬ್ರೆಟನ್ನಿಗೆ ಹೌದು' ಎಂಬ ಚಳವಳಿಯನ್ನು ಆರಂಭಿಸಿತು. ಬ್ರೆಟನ್ ಬಲ್ಲವರು ಅಂಗಿಗೆ ಚುಚ್ಚಿಕೊಳ್ಳಲು ಒಂದು 'ಸ್ಪಿಲ್ಯೆನ್ನಿಗ್', ಅಂದರೆ ಪುಟ್ಟ ಬಿಲ್ಲೆಯನ್ನೂ ಹಂಚಿದರು. ಅದನ್ನು ಧರಿಸಿದವನೊಡನೆ ಧೈರ್ಯವಾಗಿ ಆ ಭಾಷೆಯಲ್ಲಿ ಮಾತು ತೊಡಗಬಹುದು. ನೂರು ಫಲಕಗಳಿಗಿಂತ ಆ ಒಂದು ಬಿಲ್ಲೆ ದೊಡ್ಡದೆಂದು ನನಗೆ ತೋರುತ್ತದೆ. ಕೊರಳಿಗೆ 'ಹಸು' ಕಟ್ಟಿಸಿಕೊಂಡವರ ಮೊಮ್ಮಕ್ಕಳು ತಾವಾಗಿ ಎದೆಗೆ ಅದೇ ಗುರುತನ್ನು ಚುಚ್ಚಿಕೊಳ್ಳುವುದೆಂದರೆ ಸಣ್ಣ ಮಾತಲ್ಲ.

ಊರಿಗೆ ಮರಳಿದ ಮೇಲೆ ನಾನು ಮೊದಲು ತೆರೆದು ನೋಡಿದ್ದು ಕನ್ನಡೇತರರಿಗೆ ಕನ್ನಡ ಕಲಿಸಲು ನಾನೇ ಬಹುಕಾಲ ಬಳಸಿದ ಪಠ್ಯವನ್ನು. ಅಕ್ಷರಮಾಲೆ ಮತ್ತು ಕಾಗುಣಿತ ಮುಗಿಯುವಷ್ಟರಲ್ಲಿ ಅರ್ಧ ತರಗತಿ ಖಾಲಿಯಾಗುತ್ತಿತ್ತು. ಏಳನೆಯ ಪಾಠದಲ್ಲಿ ನೀರು ಕೇಳುವ ವಾಕ್ಯ ಬರುತ್ತದೆ: 'ದಯವಿಟ್ಟು ನನಗೆ ಒಂದು ಲೋಟ ನೀರನ್ನು ಕೊಡಿರಿ.' ವ್ಯಾಕರಣದಲ್ಲಿ ಒಂದು ದೋಷವಿಲ್ಲ. ಹೀಗೆ ಕೇಳಿದ ಕನ್ನಡಿಗನನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. 'ಸ್ವಲ್ಪ ನೀರು ಕೊಡಿ' ಎನ್ನುತ್ತೇವೆ. 'ಕೊಡಿ' ಎಂಬಲ್ಲಿಯೇ ಮರ್ಯಾದೆ ಇದೆ, 'ಸ್ವಲ್ಪ' ಎಂಬಲ್ಲಿ ಸಂಕೋಚವಿದೆ, ಅದೇ ನಮ್ಮ ಬನ್ನೆ. 'ದಯವಿಟ್ಟು' ಎಂಬುದು ರೈಲ್ವೆ ಫಲಕಗಳಲ್ಲಿ ಇರಲಿ. ಆ ವರ್ಷದಿಂದ ನನ್ನ ತರಗತಿಯ ಮೊದಲ ದಿನದ ಪಾಠ ನೀರು, ಮಜ್ಜಿಗೆ, ಕಾಫಿ. ಇದರಿಂದ ವಿಭಾಗದ ಗಾಂಭೀರ್ಯಕ್ಕೆ ಕುಂದು ಬಂತೆಂದು ಕೆಲವರು ಬೇಸರಪಟ್ಟುಕೊಂಡರು. ಅವರಲ್ಲಿ ಒಬ್ಬರು ನನ್ನ ಆತ್ಮೀಯ ಮಿತ್ರರು; ಕಾಫಿ ಕುಡಿಸಿಯೇ ಸಮಾಧಾನ ಮಾಡಬೇಕಾಯಿತು.

ಆದರೆ ಅರ್ಧ ಕೆಲಸವನ್ನು ಮಾತ್ರ ಪಾಠ ಮಾಡಬಲ್ಲುದು ಎಂಬುದನ್ನು ಬ್ರಿಟನಿಯಲ್ಲಿ ಕಂಡಿದ್ದೇನೆ. ಮುಂಬಯಿಯ ಹಳೆಯ ಉಡುಪಿ ಹೋಟೆಲುಗಳಲ್ಲಿ ಗಿರಾಕಿ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೇಳಿದ್ದನ್ನು ಮಾಣಿ ಒಳಗಿನ ಅಡುಗೆಯವರಿಗೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಕೂಗಿ ಹೇಳುತ್ತಿದ್ದ. ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಆ ಮಾಣಿಗಳಲ್ಲಿ ಎಷ್ಟೋ ಮಂದಿ ಈ ನಗರದ ಕನ್ನಡ ಸಂಘಗಳ ಬೆನ್ನೆಲುಬಾದರು. ಇಂದು ಬಡಿಸುವವರು ಬೇರೆ ರಾಜ್ಯಗಳ ಹುಡುಗರು. ಅವರೂ ಊರು ಬಿಟ್ಟು ಬಂದವರೇ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಕಟ್ಟೆಯ ಹಿಂದಿನ ಭಾಷೆ ಬದಲಾಗಿದೆ ಎಂಬುದು ವಾಸ್ತವ, ಅಷ್ಟೆ.

ಕಳೆದ ವರ್ಷದ ತರಗತಿಯಲ್ಲಿ ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳಿದ್ದಳು. ಅಜ್ಜಿಯ ಮನೆ ಕುಂದಾಪುರದ ಕಡೆ. ಮನೆಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. ಮೊದಲ ವಾರದ ಪಾಠವಾದ ಮೇಲೆ ಆಕೆ ಮಾಟುಂಗದ ಹೋಟೆಲೊಂದಕ್ಕೆ ಹೋಗಿ 'ಒಂದು ಕಾಫಿ ಕೊಡಿ, ಸಕ್ಕರೆ ಕಡಿಮೆ' ಎಂದು ಕೇಳಿದಳಂತೆ. ಬಡಿಸುವ ಹುಡುಗನಿಗೆ ಅರ್ಥವಾಗಲಿಲ್ಲ. ಆಕೆ ನಾಚಿ ಹಿಂದಿಗೆ ತಿರುಗಬೇಕೆನ್ನುವಷ್ಟರಲ್ಲಿ, ಗಲ್ಲಾದಲ್ಲಿ ಕುಳಿತು ಚಿಲ್ಲರೆ ಎಣಿಸುತ್ತಿದ್ದ ಹಿರಿಯರು ತಲೆಯೆತ್ತಿ, ಒಳಗಿನವರಿಗೆ ಕಾಫಿ ಹೇಳಿ, ಆಕೆಯ ಕಡೆ ತಿರುಗಿ 'ಊರು ಯಾವುದು ಮಗಾ?' ಎಂದು ಕೇಳಿದರಂತೆ. ಮುಂದಿನ ತರಗತಿಗೆ ಬಂದವಳು ಪುಸ್ತಕ ತೆರೆಯುವ ಮೊದಲೇ ನನ್ನನ್ನು ಕೇಳಿದಳು: 'ಸರ್, ಅದಕ್ಕೆ ಏನು ಹೇಳಬೇಕು? ಮುಂಬಯಿ ಅಂತಲೋ, ಅಜ್ಜಿಯ ಊರನ್ನೋ?' ಆ ದಿನ ಪಾಠಪಟ್ಟಿಯಲ್ಲಿದ್ದದ್ದು ದ್ವಿತೀಯಾ ವಿಭಕ್ತಿ. ಅದನ್ನು ಬದಿಗಿಟ್ಟು ಇಡೀ ತರಗತಿ ಆ ಪ್ರಶ್ನೆಗೆ ಉತ್ತರ ಹುಡುಕಲು ಕುಳಿತೆವು.